ಕಾಶಿಯ ಕುಲಪತಿ ಡಾ. ಎಸ್. ರಾಧಾಕೃಷ್ಣನ್
(ಉಪನ್ಯಾಸದ ಲಿಖಿತ ರೂಪ)



ಸೇತುವೆಯ ಬಲ ತಿಳಿಯುವುದು ನದಿಗೆ ನೆರೆ ಬಂದಾಗ. ಆಡಳಿತಗಾರನ ಯೋಗ್ಯತೆಯೂ ಸಂಕಟಕಾಲದಲ್ಲಿಯೇ ವ್ಯಕ್ತವಾಗುತ್ತದೆ. ಇದಕ್ಕೆ ಉಜ್ಜ್ವಲ ನಿದರ್ಶನ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಲ್ಲಿಸಿದ ಸೇವೆ.

1916ರಲ್ಲಿ ಸ್ಥಾಪಿತವಾದ ಆ ವಿದ್ಯಾಸಂಸ್ಥೆಗೂ ಕನ್ನಡನಾಡಿಗೂ ನಿಕಟ ನಂಟು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯವೂ ಜನ್ಮತಾಳಿತು. ಎರಡಕ್ಕೂ ಪ್ರಥಮ ಕುಲಾಧಿಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರೇ. ರಾಧಾಕೃಷ್ಣನ್ ಅವರೂ ಮೈಸೂರಿಗೆ ಹೊರಗಿನವರಲ್ಲ. 1918ರಲ್ಲಿ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ಪುಷ್ಪಾಲಂಕೃತ ಗಾಡಿಯನ್ನು ವಿದ್ಯಾರ್ಥಿಗಳೇ ರೈಲು ನಿಲ್ದಾಣದವರೆಗೆ ಎಳೆದೊಯ್ದ ಪ್ರಸಂಗ ಪ್ರಸಿದ್ಧವಾಗಿದೆ.

1931ರಿಂದ 1936ರವರೆಗೆ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅನುಭವ ಗಳಿಸಿದ ಅವರನ್ನು, ಪಂಡಿತ ಮದನಮೋಹನ ಮಾಳವೀಯರ ಉತ್ತರಾಧಿಕಾರಿಯಾಗಿ 1939ರಲ್ಲಿ ಕಾಶಿ ಬರಮಾಡಿಕೊಂಡಿತು. ಸುಮಾರು ಎರಡು ದಶಕ ಆ ಪೀಠದಲ್ಲಿದ್ದ ಸಂಸ್ಥಾಪಕರ ಸ್ಥಾನವನ್ನು ತುಂಬುವುದು ಸುಲಭಸಾಧ್ಯವಾಗಿರಲಿಲ್ಲ.

1942ರ ಆಗಸ್ಟಿನಲ್ಲಿ ಪರೀಕ್ಷಾಕಾಲ ಒದಗಿತು. 'ಭಾರತ ಬಿಟ್ಟು ತೊಲಗಿ' ಚಳವಳಿಗೆ ವಿದ್ಯಾರ್ಥಿಗಳು ಧುಮುಕಿದರು. ಕೆರಳಿದ ಪ್ರಾಂತದ ಗವರ್ನರ್ ಸರ್ ಮಾರಿಸ್ ಹ್ಯಾಲೆಟ್, ವಿಶ್ವವಿದ್ಯಾಲಯವನ್ನೇ ಯುದ್ಧಕಾಲದ ಆಸ್ಪತ್ರೆಯಾಗಿ ಮಾರ್ಪಡಿಸಲು ಮುಂದಾದರು. ವಿದ್ಯಾರ್ಥಿಗಳನ್ನು ದೂಷಿಸಿ ಸರ್ಕಾರದ ಕೃಪೆ ಗಳಿಸುವ ಮಾರ್ಗವೊಂದಿತ್ತು. ರಾಜೀನಾಮೆಯಿತ್ತು ಕೀರ್ತಿ ಪಡೆಯುವ ಮಾರ್ಗ ಇನ್ನೊಂದು. ಕುಲಪತಿಗಳು ಎರಡನ್ನೂ ತೊರೆದು ದೆಹಲಿಗೆ ಧಾವಿಸಿ, ವೈಸರಾಯ್ ಲಿನ್‌ಲಿತ್‌ಗೋ ಅವರ ಮನವೊಲಿಸಿದರು. ಸಂಸ್ಥೆ ಉಳಿಯಿತು, ಆದರೆ ಗವರ್ನರರು ಧನಸಹಾಯವನ್ನು ತಡೆಹಿಡಿದರು. ಆಗ ಜಗದ್ವಿಖ್ಯಾತ ತತ್ತ್ವಜ್ಞಾನಿಯು ದಾನಿಗಳ ಬಾಗಿಲಿಗೆ ಹೋಗಿ ನಿಧಿ ಸಂಗ್ರಹಿಸಲು ಹಿಂಜರಿಯಲಿಲ್ಲ. ಮಾಳವೀಯರು ಭಿಕ್ಷೆಯಿಂದ ಕಟ್ಟಿದುದನ್ನು ಇವರು ಭಿಕ್ಷೆಯಿಂದಲೇ ಕಾಪಾಡಿದರು.

ಇಷ್ಟೆಲ್ಲ ಕಾರ್ಯಭಾರದ ನಡುವೆಯೂ ಭಾನುವಾರಗಳಂದು ಅವರು ನಡೆಸುತ್ತಿದ್ದ ಗೀತಾಪ್ರವಚನ ಉಲ್ಲೇಖನೀಯ. ಅಧಿಕಾರಪೀಠ ಅವರೊಳಗಿನ ಅಧ್ಯಾಪಕನನ್ನು ನುಂಗಲಿಲ್ಲ.

1948ರಲ್ಲಿ ಕಾಶಿಯ ಹೊಣೆಯಿಂದ ನಿವೃತ್ತರಾದ ಅವರು ಅದೇ ವರ್ಷ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ವಿಶ್ವವಿದ್ಯಾಲಯಗಳಿಗೆ ಸ್ವಾಯತ್ತತೆ ಇರಬೇಕೆಂದೂ, ಅನುದಾನ ಹಂಚಲು ಪ್ರತ್ಯೇಕ ಆಯೋಗ ಬೇಕೆಂದೂ ಅವರ ವರದಿ ಪ್ರತಿಪಾದಿಸಿತು. ಹಣ ಕೊಡುವವನು ಮುನಿದರೆ ವಿದ್ಯಾಸಂಸ್ಥೆಯ ಪಾಡೇನೆಂಬುದನ್ನು ಕಂಡುಂಡವರ ಮಾತು ಅದು. ಅನುದಾನ ಆಯೋಗವು 1956ರಲ್ಲಿ ಶಾಸನಬದ್ಧವಾಯಿತು.

1962ರಲ್ಲಿ ರಾಷ್ಟ್ರಪತಿಗಳಾದ ಅವರ ಜನ್ಮದಿನವಾದ ಸೆಪ್ಟೆಂಬರ್ 5 ಇಂದು ಶಿಕ್ಷಕರ ದಿನ. ಅಂದು ಬೋಧಕನೊಡನೆ, ತನ್ನ ಮಾನಾಪಮಾನಗಳನ್ನು ಬದಿಗಿಟ್ಟು ವಿದ್ಯಾಲಯದ ಬಾಗಿಲು ಮುಚ್ಚದಂತೆ ಕಾಯ್ದ ಆಡಳಿತಗಾರನನ್ನೂ ನೆನೆಯುವುದು ಉಚಿತ.