ಕೆಂಪು ಅಂಗಿಗೆ ಬೆನ್ನು ಹಾಕಿದವರು

ಶನಿವಾರ ರಾತ್ರಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು ಅಂಗಿ ತೊಟ್ಟ ಹುಡುಗರು ಟಿ.ವಿ. ಮುಂದೆ ಕುಳಿತಿರುತ್ತಾರೆ. ತಂಡ ಸೋತರೆ ಊಟ ಬಿಡುವವರೂ ಉಂಟು. ಆದರೆ ಆ ಮ್ಯಾಂಚೆಸ್ಟರಿನಲ್ಲೇ, ಅದೇ ಕೆಂಪು ಅಂಗಿಯನ್ನು ಚಿಕ್ಕಂದಿನಿಂದ ಪ್ರೀತಿಸಿದ ಹಲವರು 2005ರಲ್ಲಿ ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಬೆನ್ನು ಹಾಕಿದರು.

ತಂಡ ಸೋಲುತ್ತಿತ್ತು ಎಂದಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಉದ್ಯಮಿ ಮಾಲ್ಕಮ್ ಗ್ಲೇಜರ್ ಕ್ಲಬ್ಬನ್ನು ಕೊಂಡುಕೊಂಡರು. ಕೊಳ್ಳಲು ಮಾಡಿದ ಸಾಲದ ದೊಡ್ಡ ಪಾಲು ಬಂದು ಕೂತದ್ದು ಕ್ಲಬ್ಬಿನ ತಲೆಯ ಮೇಲೆಯೇ! ಟಿಕೆಟ್ ದರ ಏರುತ್ತ ಬಂದದ್ದನ್ನು, ಟಿ.ವಿ.ಯವರ ಅನುಕೂಲಕ್ಕೆ ಪಂದ್ಯದ ವೇಳೆ ಬದಲಾಗುತ್ತಿದ್ದುದನ್ನು ಅಲ್ಲಿಯವರೆಗೆ ಸಹಿಸಿದವರಿಗೆ ಇದು ಅತಿಯಾಯಿತು.

ಅವರು ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಕ್ಲಬ್ ಕಟ್ಟಿದರು. ಇಂಗ್ಲೆಂಡಿನ ಫುಟ್‌ಬಾಲ್ ಏಣಿಯಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೆಯ ದರ್ಜೆ. ಸ್ವಂತ ಮೈದಾನವಿಲ್ಲ, ಪಕ್ಕದ ಬರಿ ಪಟ್ಟಣದ ಮೈದಾನ ಬಾಡಿಗೆಗೆ. ಆದರೂ ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ ಮೂರು ಸಾವಿರ ಜನ ಬಂದರು. ಆ ದರ್ಜೆಯಲ್ಲಿ ಇದು ಜಾತ್ರೆಯೇ ಸರಿ.

ಅಲ್ಲಿನ ನಿಯಮ ಸರಳ. ಸದಸ್ಯ ಎಷ್ಟೇ ಹಣ ಕೊಡಲಿ, ಮತ ಒಂದೇ. ಅಂಗಿಯ ಎದೆಯ ಮೇಲೆ ಯಾವ ಕಂಪೆನಿಯ ಹೆಸರೂ ಬೇಡ ಎಂದು ಸದಸ್ಯರೇ ತೀರ್ಮಾನಿಸಿದರು. ಮುಂದೆ ಸೀಸನ್ ಟಿಕೆಟ್ಟಿಗೆ ಒಂದು ಕನಿಷ್ಠ ದರ ಇಟ್ಟು, ಅದರ ಮೇಲೆ ಶಕ್ತಿಯಿದ್ದಷ್ಟು ಕೊಡಿ ಎಂಬ ಪದ್ಧತಿಯೂ ಬಂತು. ನೋಡಿ, ಪ್ರೇಕ್ಷಕ ಇಲ್ಲಿ ಗಿರಾಕಿಯಲ್ಲ. ಗೇಟಿನಲ್ಲಿ ನಿಲ್ಲುವವನೂ ಅವನೇ, ಸೋತಾಗ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವವನೂ ಅವನೇ.

2010ರ ನವೆಂಬರ್ 5ರಂದು ಎಫ್.ಎ. ಕಪ್‌ನಲ್ಲಿ ಈ ತಂಡ, ತನಗಿಂತ ಬಹಳ ಮೇಲಿನ ದರ್ಜೆಯ ರೋಚ್‌ಡೇಲ್ ತಂಡವನ್ನು 3-2ರಿಂದ ಸೋಲಿಸಿತು. ಗೆಲುವಿನ ಗೋಲು ಬಂದದ್ದು ಪಂದ್ಯದ ಕೊನೆಯ ಗಳಿಗೆಯಲ್ಲಿ. 2015ರಲ್ಲಿ ಮಾಸ್ಟನ್ ಬಡಾವಣೆಯಲ್ಲಿ ಸ್ವಂತ ಮೈದಾನ ತೆರೆಯಿತು. ಜನರೇ ಷೇರು ಕೊಂಡು ಸುಮಾರು 20 ಲಕ್ಷ ಪೌಂಡ್ ಕೂಡಿಸಿದ್ದರು. ಪಕ್ಕದಲ್ಲೇ ನ್ಯೂಟನ್ ಹೀತ್. 1878ರಲ್ಲಿ ಅಲ್ಲಿನ ರೈಲ್ವೆ ಕಾರ್ಮಿಕರು ಕಟ್ಟಿಕೊಂಡ ತಂಡವೇ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆಯಿತು. ದೊಡ್ಡ ಕ್ಲಬ್ಬೂ ಒಂದು ಕಾಲಕ್ಕೆ ಕೇರಿಯ ಕ್ಲಬ್ಬೇ.

ಎಲ್ಲವೂ ಹಾಲುಜೇನಾಗಿರಲಿಲ್ಲ. 2016ರಲ್ಲಿ ಸದಸ್ಯರೇ ಆಡಳಿತ ಮಂಡಳಿಯ ಮೇಲೆ ತಿರುಗಿಬಿದ್ದರು. 2019ರಲ್ಲಿ ತಂಡ ಒಂದು ದರ್ಜೆ ಕೆಳಗಿಳಿಯಿತು. ಸ್ವಂತ ಮನೆಯೆಂದ ಮೇಲೆ ಜಗಳವೂ ಸ್ವಂತದ್ದೇ. ಓಲ್ಡ್ ಟ್ರಾಫರ್ಡಿನಲ್ಲೇ ಉಳಿದ ಹಳೆಯ ಗೆಳೆಯರು ಇವರನ್ನು ದ್ರೋಹಿಗಳೆಂದದ್ದೂ ಉಂಟು. ಮನೆಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಎನ್ನುವಂತಹ ಒಡಕು ಅದು, ಕಳೆದುಕೊಂಡದ್ದು ಸಣ್ಣದೇನಲ್ಲ.

ಇನ್ನು, ಟಿ.ವಿ. ಮುಂದೆ ಕುಳಿತ ಬೆಂಗಳೂರಿನ ಹುಡುಗನ ಮಾತು. ಅವನ ಊರಿಗೂ ಕೇರಿಯ ಕ್ಲಬ್ಬುಗಳ ಚರಿತ್ರೆಯಿದೆ. ಬ್ರಿಟಿಷ್ ಸೇನಾ ತಂಡಗಳ ಸೊತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಆ ಹುಚ್ಚು ಇನ್ನೂ ಆರಿಲ್ಲ.

ಅಶೋಕನಗರದ ಕ್ರೀಡಾಂಗಣದಲ್ಲಿ ಜಿಲ್ಲಾ ಲೀಗ್ ಪಂದ್ಯಗಳು ನಡೆಯುತ್ತವೆ. ಗ್ಯಾಲರಿಯಲ್ಲಿ ಜಾಗಕ್ಕೆ ನೂಕುನುಗ್ಗಲಿಲ್ಲ. ಹೆಸರು ಹಿಡಿದು ಕೂಗಿದರೆ ಆಟಗಾರನಿಗೆ ಕೇಳಿಸುತ್ತದೆ.