ಚಿಕಿತ್ಸೆ ಉಚಿತ, ಬಸ್ ಚಾರ್ಜು ಯಾರು ಕೊಡ್ತಾರೆ?

ಇವತ್ತಿನ ವಿಷಯ ಸ್ವಲ್ಪ ಭಾರದ್ದು, ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಒಳ್ಳೇದು.

ಅಮೆರಿಕದಲ್ಲಿ, ಸೇನೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅನುಭವಿಸಿದ ಮಾಜಿ ಸೈನಿಕರಿಗೆ, ಹೆಣ್ಣಾಗಲಿ ಗಂಡಾಗಲಿ, ಅದರ ಚಿಕಿತ್ಸೆ ಉಚಿತ. ಆಗಲೇ ದೂರು ಕೊಟ್ಟಿರಬೇಕು ಅಂತೇನಿಲ್ಲ. ಆದರೆ ಆಸ್ಪತ್ರೆಗೆ ಹೋಗಿಬರೋ ಖರ್ಚಿಗೆ ನಿಯಮವೇ ಬೇರೆ. ಸೇವೆಯಿಂದಾದ ಅಂಗವೈಕಲ್ಯ ಶೇ 30 ಇರಬೇಕು, ಇಲ್ಲಾ ಆದಾಯ ಕಡಿಮೆ ಇರಬೇಕು, ಹೀಗೆ. ಅರ್ಹರಾದ್ರೆ ಮೈಲಿಗೆ 41.5 ಸೆಂಟ್. ಉಳಿದವರು ಜೇಬಿಂದ ಹಾಕ್ಕೋಬೇಕು.

ಗಚ್ಚಿಬೌಲಿಯಲ್ಲಿ ಕೂತು ಇದ್ಯಾಕೆ ಅಂತೀರಾ? ಆಫೀಸಲ್ಲಿ ಇಂಥದ್ದಾದ ನಮ್ಮ ಹುಡುಗಿಯೊಬ್ಬಳನ್ನ ನೆನೆಸ್ಕೊಳ್ಳಿ. ಮನಸ್ಸಿನ ಗಾಯವನ್ನ ಇಂಗ್ಲಿಷಲ್ಲಿ ಹೇಳೋಕಾಗಲ್ಲ, ತೆಲುಗು ಅಷ್ಟು ಬರಲ್ಲ. ರಾತ್ರಿ ಬಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗ್ತಾಳೆ. ಟಿಕೆಟ್ಟು, ಆಟೋ, ರಜೆ. ಎರಡನೇ ಸಲಕ್ಕೇ ಸಾಕಪ್ಪ ಅನ್ಸುತ್ತೆ.

2013ರ ಕಾನೂನು, ನಾವೆಲ್ಲ ಪಾಶ್ ಅಂತೀವಲ್ಲ, ವರ್ಷಕ್ಕೊಮ್ಮೆ ಟ್ರೇನಿಂಗ್ ವಿಡಿಯೋ ಓಡಿಸಿ ಮರೀತೀವಿ. ಅದರ 12ನೇ ಸೆಕ್ಷನ್ ನೋಡಿ: ವಿಚಾರಣೆ ನಡೀವಾಗ ಲಿಖಿತವಾಗಿ ಕೇಳಿದ್ರೆ, ಸಮಿತಿ ಮೂರು ತಿಂಗಳವರೆಗೆ ರಜೆಗೆ ಶಿಫಾರಸು ಮಾಡಬಹುದು. ನಿಮ್ಮ ಬಾಕಿ ರಜೆಯಲ್ಲಿ ಅದನ್ನ ಕಳೆಯೋ ಹಾಗಿಲ್ಲ. 15ನೇ ಸೆಕ್ಷನ್ನಲ್ಲಿ, ಪರಿಹಾರ ಎಷ್ಟು ಅಂತ ನಿಗದಿ ಮಾಡುವಾಗ ಮಾನಸಿಕ ಆಘಾತ, ಮನೋವೈದ್ಯರ ಖರ್ಚು ಎರಡನ್ನೂ ಲೆಕ್ಕಕ್ಕೆ ತಗೋಬೇಕು. ಆರೋಪ ಸಾಬೀತಾದ್ರೆ ಆ ದುಡ್ಡನ್ನ ಅವನ ಸಂಬಳದಲ್ಲೇ ಹಿಡಿಯಬಹುದು.

ಪ್ರಯಾಣ ಅನ್ನೋ ಪದ ಮಾತ್ರ ಅಲ್ಲಿಲ್ಲ. ನನ್ನ ಪ್ರಕಾರ ಇರಬೇಕಿತ್ತು. ಆದರೂ ಕೇಳಿ. ಡಾಕ್ಟರ ಬಿಲ್ಲಿನ ಜೊತೆ ಬಸ್ ಟಿಕೆಟ್ಟನ್ನೂ ಪಿನ್ ಮಾಡಿಡಿ, ಸಮಿತಿಗೆ ಬರೆದು ಕೊಡಿ. ಒಪ್ಪದೇ ಇರಬಹುದು, ಕೇಳದೆ ಇದ್ರಂತೂ ಬರಲ್ಲ. ದೂರಿಗೆ ಗಡುವು ಮೂರು ತಿಂಗಳು. ಸಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. (ಈ ಕಾನೂನಲ್ಲಿ ಗಂಡಸರು ದೂರು ಕೊಡೋಕಾಗಲ್ಲ. ಅದು ಇನ್ನೊಂದು ದಿನದ ಮಾತು.)

ಅತ್ಯಾಚಾರದಂಥ ಪ್ರಕರಣವಾದ್ರೆ ಯಾವ ಆಸ್ಪತ್ರೆಯಾದರೂ, ಖಾಸಗಿಯಾದ್ರೂ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಪೊಲೀಸರಿಗೂ ಅವರೇ ತಿಳಿಸ್ತಾರೆ, ಗೊತ್ತಿರಲಿ.

ಬಸ್ ಹತ್ತೋಕೂ ಶಕ್ತಿ ಇಲ್ಲ ಅನ್ನೋರು 14416 ಒತ್ತಿ. ಟೆಲಿ ಮಾನಸ್, 2022ರಲ್ಲಿ ಶುರುವಾಗಿದ್ದು, ದುಡ್ಡಿಲ್ಲ. ಕನ್ನಡ ಆರಿಸ್ಕೊಂಡು ಮಾತಾಡಬಹುದು, ನಿಮ್ಮ ಪೀಜಿ ರೂಮಿಂದಲೇ.