ಸೊನ್ನೆ ಟಿಕೆಟ್ಟಿನ ಬೆಲೆ



2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಂತೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ದುಡ್ಡಿಲ್ಲವೆಂದ ಮೇಲೆ ಟಿಕೆಟ್ಟೇಕೆ ಎಂದು ಕೆಲವರು ಕೇಳುವುದುಂಟು.

ಬಸ್ಸು ಓಡಲು ಡೀಸೆಲ್ ಬೇಕು, ಚಾಲಕ ನಿರ್ವಾಹಕರಿಗೆ ಸಂಬಳ ಬೇಕು. ನೀವು ಕೊಡದ ದರವನ್ನು ಸರ್ಕಾರವು ನಾಲ್ಕು ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು. ಆ ಲೆಕ್ಕಕ್ಕೆ ಆಧಾರವೇ ಸೊನ್ನೆ ದರದ ಟಿಕೆಟ್ಟು. ಅದನ್ನು ಕೊಡದಿದ್ದರೆ ನಿಮ್ಮ ಪ್ರಯಾಣ ಲೆಕ್ಕಕ್ಕೆ ಸೇರದು. ಪ್ರಯಾಣಿಕರಿಲ್ಲದೆ ಹರಿದರೆ ಎಲ್ಲರ ತೆರಿಗೆ ಹಣ ಪೋಲಾಗುವುದು.

ಆದ್ದರಿಂದ ಗುರುತಿನ ಚೀಟಿ ತೋರಿಸಿರಿ, ಇಳಿಯುವ ಊರನ್ನು ಸರಿಯಾಗಿ ಹೇಳಿರಿ, ಟಿಕೆಟ್ಟು ಕೇಳಿ ಪಡೆಯಿರಿ. ಊರಿಗೆ ಇನ್ನೊಂದು ಬಸ್ಸು ಬೇಕಾದರೆ, ಹತ್ತುವವರೆಷ್ಟು ಎಂದು ಎಣಿಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿ ಡಿಪೋ ವ್ಯವಸ್ಥಾಪಕರಿಗೆ ಕಳುಹಿಸಿರಿ. ಬರಿಯ ದೂರಿಗಿಂತ ಲೆಕ್ಕವಿರುವ ಅರ್ಜಿಗೆ ತೂಕ ಹೆಚ್ಚು.